ಮಲೇರಿಯಾ ಮಾತ್ರೆ ಪೂರ್ತಿ ನುಂಗಿದ್ದಾರಾ? ತಿಳಿಯಲು ಯಾರಿಗೆ ಯಾವ ದಾರಿ ಸರಿ

ಸಕಲೇಶಪುರದ ಕಡೆಯ ಒಬ್ಬರು ಆಶಾ ಕಾರ್ಯಕರ್ತೆ, ಹಾಸನದಲ್ಲಿ ಎಂ.ಡಿ. ಓದುತ್ತಿರುವ ಒಬ್ಬ ಹುಡುಗಿ, ಮೂಡಿಗೆರೆ ಹತ್ತಿರದ ಕಾಫಿ ತೋಟದಲ್ಲಿ ಲೆಕ್ಕ, ಹಾಜರಿ ನೋಡುವ ರೈಟರು. ಮೂವರೂ ಈ ವರ್ಷ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. ಮಲೇರಿಯಾ ಬಂದವರಿಗೆ ಮಾತ್ರೆ ಕೊಟ್ಟಾಯಿತು. ಹೇಳಿದ ಹಾಗೆ ನುಂಗಿದ್ದಾರೋ ಇಲ್ವೋ ಅಂತ ಗೊತ್ತಾಗೋದು ಹೇಗೆ? ಬಾಯಿ ಮಾತಲ್ಲಿ ಕೇಳಿದರೆ ಸಾಕಾ, ಉಳಿದ ಮಾತ್ರೆ ಎಣಿಸಬೇಕಾ, ಎದುರಿಗೇ ನುಂಗಿಸಬೇಕಾ, ರಕ್ತ ಪರೀಕ್ಷೆ ಮಾಡಿಸಬೇಕಾ?

ಮೂವರಿಗೂ ಒಂದೇ ಉತ್ತರ ಕೊಡಲು ನನ್ನಿಂದ ಆಗಲಿಲ್ಲ. ಆಶಾ ಅವರ ಕೈಯಲ್ಲಿ ಇರುವುದು ಒಂದು ನೋಟ್‌ಬುಕ್, ಒಂದು ಫೋನ್, ಎರಡು ಕಾಲು. ಎಂ.ಡಿ. ವಿದ್ಯಾರ್ಥಿನಿಗೆ ಗೈಡ್ ಒಪ್ಪುವ ಅಂಕಿ ಬೇಕು. ರೈಟರಿಗೆ ಅಂಕಿ ಬೇಡ, ತೋಟದ ಕೆಲಸದವರು ಇರುವ ಲೈನ್ ಮನೆಯಲ್ಲಿ ಇನ್ನೊಬ್ಬರಿಗೆ ಜ್ವರ ಬರದಿದ್ದರೆ ಸಾಕು. ಹಾಗಾಗಿ ಒಂದೊಂದು ದಾರಿಯನ್ನೂ ಬಿಡಿಸಿ ಬರೆಯುತ್ತಿದ್ದೇನೆ.

ಹಾಸನ, ಚಿಕ್ಕಮಗಳೂರು, ನಮ್ಮ ಈ ಎರಡು ಜಿಲ್ಲೆಗಳಲ್ಲಿ ಮಲೇರಿಯಾ ಈಗ ಹಳೆಯ ಕಾಲದ ಹಾಗಿಲ್ಲ. ಚಳಿಜ್ವರ, ಜ್ವರಗಡ್ಡೆ ಅಂತ ಅಜ್ಜಿಯರು ಹೇಳುತ್ತಿದ್ದ ಮಾತು ಇಂದಿನ ಮಕ್ಕಳಿಗೆ ಗೊತ್ತೇ ಇಲ್ಲ. ಆದರೂ ಘಟ್ಟ ಇಳಿದು ಮಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರು ಜ್ವರ ಹೊತ್ತು ಬರುತ್ತಾರೆ. ಕಾಫಿ ಕುಯ್ಲಿಗೆ ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯಿಂದ ಬಂದವರಲ್ಲೂ ಕಾಣಿಸಬಹುದು. 2027ರ ಹೊತ್ತಿಗೆ ದೇಶದೊಳಗೆ ಹರಡುವ ಮಲೇರಿಯಾ ಸೊನ್ನೆಗೆ ಬರಬೇಕು, 2030ಕ್ಕೆ ಪೂರ್ತಿ ತೊಲಗಬೇಕು ಎಂಬುದು ಸರ್ಕಾರದ ಗುರಿ. ಕೇಸು ಕಡಿಮೆ ಆದಷ್ಟೂ ಒಂದೊಂದು ಕೇಸಿನ ಬೆಲೆ ಜಾಸ್ತಿ. ಒಬ್ಬರು ಅರ್ಧಕ್ಕೆ ಮಾತ್ರೆ ಬಿಟ್ಟರೆ ಅವರಿಂದ ಸೊಳ್ಳೆಗೆ, ಸೊಳ್ಳೆಯಿಂದ ಪಕ್ಕದ ಮನೆಗೆ ದಾರಿ ತೆರೆದ ಹಾಗೆ.

ಮೊದಲು ಮಾತ್ರೆಯ ಲೆಕ್ಕ ತಿಳಿದಿರಲಿ

ಎಷ್ಟು ಕೊಟ್ಟಿದ್ದೀವಿ ಅನ್ನುವುದೇ ಗೊತ್ತಿಲ್ಲದಿದ್ದರೆ ಅಳೆಯುವುದಾದರೂ ಏನನ್ನು? ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಬಂದ ದೊಡ್ಡವರಿಗೆ ಸಾಮಾನ್ಯವಾಗಿ ಮೂರು ದಿನ ಕ್ಲೋರೋಕ್ವಿನ್ ಕೊಡುತ್ತಾರೆ. ಮೊದಲ ದಿನ ನಾಲ್ಕು, ಎರಡನೇ ದಿನ ನಾಲ್ಕು, ಮೂರನೇ ದಿನ ಎರಡು, ಒಟ್ಟು 10. ಜೊತೆಗೆ 14 ದಿನ ಪ್ರೈಮಾಕ್ವಿನ್. 7.5 ಮಿಲಿಗ್ರಾಂ ಮಾತ್ರೆಯಾದರೆ ದಿನಕ್ಕೆ ಎರಡು, ಒಟ್ಟು 28. ಇನ್ನೊಂದು ಬಗೆ ಫಾಲ್ಸಿಪಾರಂ ಆದರೆ ಮೂರು ದಿನದ ಎ.ಸಿ.ಟಿ. (ಆರ್ಟಿಮಿಸಿನಿನ್ ಜಾತಿಯ ಔಷಧಿಯ ಜೊತೆ ಬೇರೊಂದು ಔಷಧಿ ಸೇರಿಸಿದ್ದು), ವಯಸ್ಸಿಗೆ ತಕ್ಕ ಬಣ್ಣದ ಪಟ್ಟಿಯಲ್ಲಿ (ಸ್ಟ್ರಿಪ್) ಬರುತ್ತದೆ. ಅದರ ಜೊತೆ ಒಂದೇ ಸಲ ನುಂಗುವ ಪ್ರೈಮಾಕ್ವಿನ್. ಯಾರಿಗೆ ಎಷ್ಟು ಅನ್ನುವುದು ವೈದ್ಯರು ಬರೆದದ್ದೇ ಅಂತಿಮ. ಗರ್ಭಿಣಿಯರಿಗೆ, ಒಂದು ವರ್ಷದೊಳಗಿನ ಮಕ್ಕಳಿಗೆ, ಕೆಂಪು ರಕ್ತಕಣಗಳನ್ನು ಕಾಯುವ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಿಗೆ ಈ 14 ದಿನದ ಪ್ರೈಮಾಕ್ವಿನ್ ಮಾಮೂಲಾಗಿ ಕೊಡುವುದಿಲ್ಲ. ಅಂಥವರನ್ನು "ಮಾತ್ರೆ ತಪ್ಪಿಸಿದವರು" ಅಂತ ಬರೆದುಬಿಟ್ಟ ಪಟ್ಟಿಗಳನ್ನು ನಾನೇ ನೋಡಿದ್ದೇನೆ.

ಮೂರು ದಿನದ ಮಾತ್ರೆ ಬೇರೆ, ಹದಿನಾಲ್ಕು ದಿನದ್ದೇ ಬೇರೆ. ಮೂರನೇ ದಿನದ ಹೊತ್ತಿಗೆ ಜ್ವರ ಇಳಿದಿರುತ್ತದೆ, ಮೈ ಹಗುರ ಆಗಿರುತ್ತದೆ, ಕೆಲಸಕ್ಕೆ ಹೋಗಬೇಕು. ಆಮೇಲಿನ ಹನ್ನೊಂದು ದಿನ ನುಂಗುವುದು ಈಲಿ ಅಥವಾ ಯಕೃತ್ತಿನಲ್ಲಿ ಅಡಗಿ ಮಲಗಿರುವ ರೋಗಾಣುವಿಗಾಗಿ. ಅದು ಕಣ್ಣಿಗೆ ಕಾಣುವುದಿಲ್ಲ, ಯಾವ ನೋವೂ ಕೊಡುವುದಿಲ್ಲ. ತಿಂಗಳುಗಳಾದ ಮೇಲೆ ಎದ್ದು ಮತ್ತೆ ಜ್ವರ ತರುತ್ತದೆ. ಜನ ಬಿಡುವುದು ಈ ಹನ್ನೊಂದು ದಿನದಲ್ಲೇ. ನೀವು ಆರಿಸುವ ಅಳತೆ ಈ ದಿನಗಳನ್ನು ಹಿಡಿಯದಿದ್ದರೆ ಉಳಿದದ್ದನ್ನು ಹಿಡಿದು ಪ್ರಯೋಜನ ಕಡಿಮೆ.

ತೂಗುವ ಮೊದಲು ಐದು ಪ್ರಶ್ನೆ

ಯಾವ ವಿಧಾನ ಎದುರಿಗೆ ಬಂದರೂ ನಾನು ಇಷ್ಟು ಕೇಳುತ್ತೇನೆ. ಮಾತ್ರೆ ಹೊಟ್ಟೆಗೆ ಹೋಗಿದ್ದನ್ನು ಇದು ತೋರಿಸುತ್ತದಾ, ಅಥವಾ ಪಟ್ಟಿಯಿಂದ ಹೊರಗೆ ಬಂದದ್ದನ್ನು ಮಾತ್ರವಾ? ಯಾವ ದಿನ ತಪ್ಪಿತು ಅಂತ ಹೇಳುತ್ತದಾ? ಅಳೆಯುತ್ತಿದ್ದಾರೆ ಅಂತ ಗೊತ್ತಾದ ಕೂಡಲೇ ಜನ ನಡೆದುಕೊಳ್ಳುವ ರೀತಿ ಬದಲಾಗುತ್ತದಾ? ಖರ್ಚು, ಓಡಾಟ ಎಷ್ಟು? ಕೊನೆಯದು, ನನಗೆ ಎಲ್ಲಕ್ಕಿಂತ ದೊಡ್ಡದು: ಅಳೆದು ಬಂದ ಮೇಲೂ ಆ ಮನೆಯವರು ನಮಗೆ ಬಾಗಿಲು ತೆರೆಯುತ್ತಾರಾ?

ಐದಕ್ಕೂ ಪೂರ್ತಿ ಅಂಕ ತೆಗೆಯುವ ವಿಧಾನ ಇಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಲೇಬೇಕು.

ಬಾಯಿ ಮಾತಲ್ಲಿ ಕೇಳುವುದು

ಎಲ್ಲಕ್ಕಿಂತ ಅಗ್ಗ, ಎಲ್ಲರೂ ಮಾಡುವುದು, ಎಲ್ಲರೂ ಬೈಯುವುದು ಇದನ್ನೇ. "ಮಾತ್ರೆ ಸರಿಯಾಗಿ ತಗೊಂಡ್ರಾ?" ಅಂತ ಕೇಳಿದರೆ "ಹೂಂ ಮೇಡಂ" ಅಂತಲೇ ಉತ್ತರ. ಇಲ್ಲ ಅಂದರೆ ಬೈಸಿಕೊಳ್ಳಬೇಕು ಅಂತ ಎಲ್ಲರಿಗೂ ಗೊತ್ತು. ಮನೆಗೆ ಬಂದವರ ಮನಸ್ಸು ನೋಯಿಸಬಾರದು ಅನ್ನುವ ಮರ್ಯಾದೆಯೂ ಅದರಲ್ಲಿ ಸೇರಿರುತ್ತದೆ. ತಾಂಜಾನಿಯಾದಲ್ಲಿ ಮಲೇರಿಯಾ ಮಾತ್ರೆಯ ಪಟ್ಟಿಗೇ ಚಿಪ್ ಅಳವಡಿಸಿ ಜನರ ಮಾತಿನ ಜೊತೆ ಹೋಲಿಸಿ ನೋಡಿದ್ದಾರೆ. ಸರಿಯಾದ ಹೊತ್ತಿಗೆ ನುಂಗಿದೆವು ಎಂದವರಿಗಿಂತ ಚಿಪ್ ಹಾಗೆಂದು ತೋರಿಸಿದವರ ಸಂಖ್ಯೆ ಕಡಿಮೆ ಇತ್ತು.

ಆದರೂ ಈ ದಾರಿಯನ್ನು ಬಿಟ್ಟುಬಿಡಿ ಅಂತ ನಾನು ಹೇಳುವುದಿಲ್ಲ. ತಪ್ಪು ಇರುವುದು ಕೇಳುವ ರೀತಿಯಲ್ಲಿ. ನನ್ನ ಮೊದಲ ವರ್ಷದ ಕ್ಷೇತ್ರ ಕೆಲಸದಲ್ಲಿ ಬೇಲೂರು ಕಡೆಯ ಒಂದು ಹಳ್ಳಿಯಲ್ಲಿ ಹದಿನೆಂಟು ಜನರನ್ನು ಕೇಳಿದೆ, ಹದಿನೆಂಟೂ ಜನ "ಹೂಂ" ಅಂದರು. ನಾನು ಖುಷಿಯಾಗಿ ಬರೆದುಕೊಂಡೆ. ಹೊರಡುವಾಗ ಒಬ್ಬ ಅಜ್ಜಿ ನನ್ನ ಕೈ ಹಿಡಿದು, "ಮಗಾ, ನಿಂಗೊಂದು ಮಾತು ಹೇಳ್ತೀನಿ, ಬೈಬಾರ್ದು" ಅಂದರು. ಒಳಗಿನಿಂದ ಅರಿಶಿನ ಕುಂಕುಮದ ಡಬ್ಬಿ ತಂದು ತೆರೆದರು. ಅದರಲ್ಲಿ ಒಂಬತ್ತು ಮಾತ್ರೆ ಇದ್ದವು. ಖಾಲಿ ಹೊಟ್ಟೆಯಲ್ಲಿ ನುಂಗಿದಾಗ ಹೊಟ್ಟೆ ನೋವು ಬಂತಂತೆ. ಊಟ ಆದ ಮೇಲೆ ನುಂಗಬೇಕು ಅಂತ ಅವರಿಗೆ ಯಾರೂ ಹೇಳಿರಲೇ ಇಲ್ಲ.

ಅಂದಿನಿಂದ ನಾನು ಹೀಗೆ ಕೇಳುತ್ತೇನೆ: "ಹದಿನಾಲ್ಕು ದಿನ ನೆನಪಿಟ್ಕೊಂಡು ನುಂಗೋದು ಯಾರಿಗಾದ್ರೂ ಕಷ್ಟಾನೇ. ನಿಮಗೆ ಯಾವತ್ತು ತಪ್ಪಿತು ಅಕ್ಕಾ?" ತಪ್ಪಿರುವುದು ಸಹಜ ಅಂತ ಮೊದಲೇ ಒಪ್ಪಿಕೊಂಡರೆ ನಾಲಿಗೆ ಸಡಿಲ ಆಗುತ್ತದೆ. ಆಮೇಲೆ ದಿನಕ್ಕೆ ಗೂಟ ಹೊಡೆದು ಕೇಳಬೇಕು. ಸಂತೆಗೆ ಹೋದ ದಿನ ನುಂಗಿದಿರಾ? ಭಾನುವಾರ? ನಿನ್ನೆ ಊಟಕ್ಕೆ ಮೊದಲೋ ಆಮೇಲೋ? ಎಷ್ಟು ಮಾತ್ರೆ, ಯಾವ ಬಣ್ಣದ್ದು? ಹದಿನೈದು ದಿನ ಬಿಟ್ಟು ಒಂದೇ ಸಲ ಕೇಳಿದರೆ ನೆನಪು ಕೈಕೊಡುತ್ತದೆ. ಎಂಟನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಕೇಳುವುದು ವಾಸಿ.

ಇದರ ದೊಡ್ಡ ಲಾಭ, ಯಾಕೆ ಬಿಟ್ಟರು ಅನ್ನುವುದು ಇದರಿಂದ ಮಾತ್ರ ಗೊತ್ತಾಗುತ್ತದೆ. ಮೂತ್ರ ಕಪ್ಪಗೆ ಹೋಯಿತು ಅಂತ ಒಬ್ಬರು ಪ್ರೈಮಾಕ್ವಿನ್ ನಿಲ್ಲಿಸಿದ್ದರೆ ಅವರು ಮಾಡಿದ್ದು ಸರಿ. ತಕ್ಷಣ ಆಸ್ಪತ್ರೆಗೆ ಕಳಿಸಬೇಕು. ಯಾವ ಚಿಪ್ಪೂ ಈ ಮಾತು ಹೇಳುವುದಿಲ್ಲ.

ಮಾತ್ರೆ ಎಣಿಸುವುದು

ಮನೆಗೆ ಹೋಗಿ ಪಟ್ಟಿ ಅಥವಾ ಕವರ್ ತರಿಸಿ ಎಷ್ಟು ಉಳಿದಿದೆ ಅಂತ ನೋಡುವುದು. ಏಳು ದಿನ ಮುಗಿದು ಎಂಟನೇ ದಿನದ ಮಾತ್ರೆ ನುಂಗುವ ಮುಂಚೆ ಹೋದರೆ ಪ್ರೈಮಾಕ್ವಿನ್ 14 ಉಳಿದಿರಬೇಕು, ಕ್ಲೋರೋಕ್ವಿನ್ ಒಂದೂ ಇರಬಾರದು. ಲೆಕ್ಕ ಇಷ್ಟೇ. ದುಡ್ಡು ಹೆಚ್ಚೇನೂ ಬೇಡ, ಓಡಾಟ ಬೇಕು.

ತೊಡಕು ಎರಡು. ಉಳಿದ ಮಾತ್ರೆ ಕಂಡರೆ ತಪ್ಪಿದೆ ಅಂತ ಖಚಿತ. ಖಾಲಿ ಪಟ್ಟಿ ಕಂಡರೆ ಮಾತ್ರ ಏನೂ ಖಚಿತ ಅಲ್ಲ. ನುಂಗಿರಬಹುದು, ಎಸೆದಿರಬಹುದು, ಜ್ವರ ಬಂದ ತಮ್ಮನಿಗೆ ಎರಡು ಕೊಟ್ಟಿರಬಹುದು. ನಾನಿದ್ದ ಒಂದು ತಂಡದಲ್ಲಿ "ನಾಳೆ ಬಂದು ಎಣಿಸ್ತೀವಿ" ಅಂತ ಮುಂಚೆಯೇ ಹೇಳಿ ಕಳಿಸಿದ್ದೆವು. ಮಾರನೇ ದಿನ ಎಲ್ಲಾ ಪಟ್ಟಿಗಳೂ ಖಾಲಿ. ನಲ್ಲಿಯ ಚರಂಡಿಯಲ್ಲಿ ಮಾತ್ರೆಗಳು ಬಿದ್ದಿದ್ದನ್ನು ಒಂದು ಮಗು ತೋರಿಸಿತು. ತಪ್ಪು ನಮ್ಮದು, ಹೆದರಿಸಿದ್ದು ನಾವು. ಹಾಗಾಗಿ ದಿನ ಹೇಳದೆ ಹೋಗಬೇಕು. ಆದರೆ ಹೀಗೆ ಯಾವಾಗಲಾದರೂ ಮನೆಗೆ ಬರ್ತೀವಿ, ಮಾತ್ರೆ ನೋಡ್ತೀವಿ ಅಂತ ಮಾತ್ರೆ ಕೊಡುವಾಗಲೇ ಒಪ್ಪಿಗೆ ಕೇಳಿರಬೇಕು. ಎರಡನೇ ತೊಡಕು, ಪ್ರೈಮಾಕ್ವಿನ್ ಬಿಡಿಬಿಡಿಯಾಗಿ ಕಾಗದದ ಕವರಿನಲ್ಲಿ ಕೊಟ್ಟಿದ್ದರೆ ಶುರುವಿನಲ್ಲಿ ಎಷ್ಟಿತ್ತು ಅನ್ನುವುದೇ ಜಗಳ. ಕೊಡುವ ದಿನವೇ ಎಣಿಸಿ ಕವರಿನ ಮೇಲೆ ಬರೆಯಿರಿ.

ಮಲೇರಿಯಾ ಅಧ್ಯಯನಗಳಲ್ಲಿ ಎಣಿಕೆ ಮತ್ತು ಮಾತು ಎರಡನ್ನೂ ಜೋಡಿಸಿ ಮೂರು ಗುಂಪು ಮಾಡುವ ಪದ್ಧತಿ ಇದೆ. ಮಾತ್ರೆ ಉಳಿದಿದ್ದರೆ "ಖಂಡಿತ ತಪ್ಪಿದೆ". ಉಳಿದಿಲ್ಲ, ಆದರೆ ಹೇಳುವ ದಿನ, ಹೊತ್ತು, ಲೆಕ್ಕ ಹೊಂದುವುದಿಲ್ಲ ಅಂದರೆ "ಬಹುಶಃ ತಪ್ಪಿದೆ". ಎರಡೂ ಹೊಂದಿದರೆ "ಬಹುಶಃ ಸರಿಯಾಗಿ ನುಂಗಿದ್ದಾರೆ". ಗಮನಿಸಿ, "ಖಂಡಿತ ಸರಿಯಾಗಿ ನುಂಗಿದ್ದಾರೆ" ಅನ್ನುವ ಗುಂಪು ಇದರಲ್ಲಿ ಇಲ್ಲ. ಯಾರೂ ಕಣ್ಣಾರೆ ನೋಡಿಲ್ಲವಲ್ಲ. ಈ ಪ್ರಾಮಾಣಿಕತೆ ನನಗೆ ತುಂಬಾ ಇಷ್ಟ. ಆಶಾ ಅವರಿಗೂ ಎಂ.ಡಿ. ವಿದ್ಯಾರ್ಥಿನಿಗೂ ನಾನು ಮೊದಲು ತೋರಿಸಿದ್ದು ಇದೇ ದಾರಿ.

ಎದುರಿಗೇ ನುಂಗಿಸುವುದು

ಕ್ಷಯಕ್ಕೆ ಡಾಟ್ಸ್ ಅಂತ ಮಾಡುತ್ತಿದ್ದದ್ದು ನೆನಪಿರಬಹುದು. ಯಾರಾದರೂ ನಿಂತು ನೋಡುತ್ತಾರೆ, ರೋಗಿ ನುಂಗುತ್ತಾರೆ, ಗುರುತು ಹಾಕುತ್ತಾರೆ. ಹೊಟ್ಟೆಗೆ ಹೋಯಿತಾ ಅನ್ನುವ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ಹಳ್ಳಿಯಲ್ಲಿ ಸಿಗುವುದಿಲ್ಲ. ನುಂಗಿದ ಸ್ವಲ್ಪ ಹೊತ್ತಿಗೇ ವಾಂತಿಯಾದರೆ ಅದೂ ಗೊತ್ತಾಗುತ್ತದೆ.

ಆದರೆ ಇದು ಅಳತೆ ಅಲ್ಲ, ಚಿಕಿತ್ಸೆಯ ಭಾಗ. ನೀವು ನಿಂತು ನುಂಗಿಸಿದರೆ ಜನ ತಾವಾಗಿ ಎಷ್ಟು ನುಂಗುತ್ತಿದ್ದರು ಅನ್ನುವುದು ಎಂದೂ ತಿಳಿಯುವುದಿಲ್ಲ. ಪ್ರಬಂಧ ಬರೆಯುವವರು ಇದನ್ನು ಮರೆಯಬಾರದು. ರೋಗ ನಿಲ್ಲಬೇಕು ಅನ್ನುವವರಿಗೆ ಅದು ಚಿಂತೆಯೇ ಅಲ್ಲ.

ತೋಟದ ರೈಟರಿಗೆ ನಾನು ಹೇಳಿದ್ದು ಇದನ್ನೇ. ಬೆಳಿಗ್ಗೆ ಹಾಜರಿ ಹಾಕುವ ಹೊತ್ತಿಗೆ ಎಲ್ಲರೂ ಒಂದು ಕಡೆ ಸೇರುತ್ತಾರೆ. ಆದರೆ ಎಲ್ಲರ ಎದುರಿಗೆ ಕರೆದು ನುಂಗಿಸಬೇಡಿ. ಜ್ವರದವನು ಅಂತ ಹೆಸರು ಬಿದ್ದರೆ ಮುಂದಿನ ಸಲ ಜ್ವರವನ್ನೇ ಮುಚ್ಚಿಡುತ್ತಾರೆ. ತಿಂಡಿ ತಿಂದಿದ್ದಾರಾ ಕೇಳಿ. ಸಂಬಳಕ್ಕೂ ಮಾತ್ರೆಗೂ ಗಂಟು ಹಾಕಲೇಬೇಡಿ, ಇದನ್ನು ಕೈಮುಗಿದು ಕೇಳುತ್ತೇನೆ. ಭಾನುವಾರ, ಸಂತೆಯ ದಿನ, ಊರಿಗೆ ಹೋಗುವ ದಿನ ಯಾರು ನೋಡಬೇಕು ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. ಹದಿನಾಲ್ಕರಲ್ಲಿ ತಪ್ಪುವುದು ಅವೇ ದಿನಗಳು. ಲೈನ್ ಮನೆಯಲ್ಲೇ ಇರುವ, ಅವರ ಭಾಷೆ ಬಲ್ಲ ಒಬ್ಬ ಹಿರಿಯ ಹೆಂಗಸಿಗೆ ಈ ಕೆಲಸ ವಹಿಸಿದರೆ ಮೇಸ್ತ್ರಿಗಿಂತ ಚೆನ್ನಾಗಿ ನಡೆಯುತ್ತದೆ.

ಇಡೀ ಹದಿನಾಲ್ಕು ದಿನ ಆಗದಿದ್ದರೆ ಮೊದಲ ಮೂರು ದಿನ ಎದುರಿಗೆ, ಆಮೇಲೆ ದಿನ ಬಿಟ್ಟು ದಿನ ಒಂದು ಸುತ್ತು. ಇದು ಅರ್ಧ ದಾರಿ. ಏನೂ ಮಾಡದಿರುವುದಕ್ಕಿಂತ ಎಷ್ಟೋ ವಾಸಿ.

ವಿಡಿಯೋ ಕಳಿಸಿ ತೋರಿಸುವ ಕ್ರಮವೂ ಇದೆ. ಹಾಸನ ಪಟ್ಟಣದಲ್ಲಿ ಸರಿ. ಕೊಟ್ಟಿಗೆಹಾರ, ಕಳಸದ ಕಡೆಯ ಗುಡ್ಡದಲ್ಲಿ ಮಳೆಗಾಲ ಬಂದರೆ ಮಾತಾಡಲೇ ನೆಟ್‌ವರ್ಕ್ ಸಿಗುವುದಿಲ್ಲ, ವಿಡಿಯೋ ಎಲ್ಲಿಂದ?

ಚಿಪ್ ಇರುವ ಡಬ್ಬಿ, ಮಿಸ್ಡ್ ಕಾಲ್

ಮುಚ್ಚಳದಲ್ಲಿ ಚಿಪ್ ಇರುವ ಬಾಟಲಿ ಇದೆ. ತೆರೆದಾಗಲೆಲ್ಲ ದಿನ, ಹೊತ್ತು ಬರೆದುಕೊಳ್ಳುತ್ತದೆ. ಯಾವ ದಿನ ತಪ್ಪಿತು ಅನ್ನುವುದಕ್ಕೆ ಇದರಷ್ಟು ಚೊಕ್ಕ ಉತ್ತರ ಬೇರೆಯದರಲ್ಲಿ ಇಲ್ಲ. ಆದರೆ ಇದು ಹೇಳುವುದು ಮುಚ್ಚಳದ ಕಥೆ, ಹೊಟ್ಟೆಯ ಕಥೆ ಅಲ್ಲ. ಒಂದೇ ಸಲ ತೆರೆದು ಮೂರು ದಿನದ್ದು ತೆಗೆದಿಟ್ಟುಕೊಂಡರೆ ಎರಡು ದಿನ ತಪ್ಪಿಸಿದ ಹಾಗೆ ಕಾಣುತ್ತದೆ. ಪಟ್ಟಿಯಲ್ಲಿ ಬರುವ ಮಾತ್ರೆಯನ್ನು ಬಿಡಿಸಿ ಬಾಟಲಿಗೆ ಹಾಕುವುದೂ ಒಳ್ಳೆಯದಲ್ಲ, ನಮ್ಮ ಮಳೆಗಾಲದ ತೇವಕ್ಕೆ ಮಾತ್ರೆ ಕೆಡಬಹುದು. ಪಟ್ಟಿಗೇ ಚಿಪ್ ಹಾಕಿದರೆ ಈ ತೊಂದರೆ ಇಲ್ಲ, ಆದರೆ ಅದನ್ನು ವಿಶೇಷವಾಗಿ ಮಾಡಿಸಬೇಕು.

ಇದರಲ್ಲಿ ಒಂದು ಧರ್ಮಸಂಕಟ ಇದೆ. ಡಬ್ಬಿ ನಿಮ್ಮನ್ನು ನೋಡುತ್ತಿದೆ ಅಂತ ಹೇಳಿದರೆ ಜನ ಡಬ್ಬಿಗಾಗಿ ನುಂಗುತ್ತಾರೆ, ಅಥವಾ ಡಬ್ಬಿಗಾಗಿ ತೆರೆಯುತ್ತಾರೆ. ಹೇಳದೆ ಇಟ್ಟರೆ ಅದು ಕದ್ದು ನೋಡಿದ ಹಾಗೆ. ನನ್ನ ಅಭಿಪ್ರಾಯ ಸ್ಪಷ್ಟ: ಹೇಳಿಯೇ ಇಡಬೇಕು, ಅಂಕಿ ಸ್ವಲ್ಪ ಕೆಟ್ಟರೂ ಸರಿ. ಬಡವರ ಮನೆಗೆ ಗೊತ್ತಾಗದ ಹಾಗೆ ಚಿಪ್ ಇಡುವ ಹಕ್ಕು ಯಾರಿಗೂ ಇಲ್ಲ. ಅಧ್ಯಯನಕ್ಕೆ ಅನುಮತಿ ಕೊಡುವ ಎಥಿಕ್ಸ್ ಕಮಿಟಿಯೂ ಮೊದಲು ಕೇಳುವುದು ಇದನ್ನೇ.

ಅಗ್ಗದ ದಾರಿ ನಮ್ಮ ದೇಶದಲ್ಲೇ ಹುಟ್ಟಿದ 99ಡಾಟ್ಸ್. ಕ್ಷಯದ ಮಾತ್ರೆ ಪಟ್ಟಿಯನ್ನು ಒಂದು ಕಾಗದದ ಲಕೋಟೆಯಲ್ಲಿ ಸುತ್ತಿರುತ್ತಾರೆ. ಮಾತ್ರೆ ಒತ್ತಿ ತೆಗೆದಾಗ ಹಿಂದೆ ಅಡಗಿದ್ದ ನಂಬರ್ ಕಾಣುತ್ತದೆ. ಆ ನಂಬರಿಗೆ ಪುಕ್ಕಟೆ ಮಿಸ್ಡ್ ಕಾಲ್ ಕೊಟ್ಟರೆ ಆ ದಿನದ ಲೆಕ್ಕ ದಾಖಲಾಗುತ್ತದೆ. ಸಾದಾ ಫೋನ್ ಸಾಕು. ಇದೇ ಯೋಚನೆಯನ್ನು ಪ್ರೈಮಾಕ್ವಿನ್‌ಗೂ ತರಬಹುದಲ್ವಾ ಅಂತ ನನಗೆ ಅನ್ನಿಸುತ್ತಲೇ ಇರುತ್ತದೆ. ಆದರೆ ವರ್ಷಕ್ಕೆ ಎರಡು ಮೂರು ಕೇಸು ಬರುವ ಆರೋಗ್ಯ ಕೇಂದ್ರಕ್ಕೆ ಅಷ್ಟು ವ್ಯವಸ್ಥೆ ಕಟ್ಟುವುದು ಭಾರ. ಅಲ್ಲಿ ಸಂಜೆ ಒಂದು ಫೋನ್ ಮಾಡಿ "ಊಟ ಆಯ್ತಾ ಅಣ್ಣ, ಮಾತ್ರೆ ನುಂಗಿದ್ರಾ?" ಅಂತ ಕೇಳುವುದೇ ಸುಲಭ.

ರಕ್ತ, ಮೂತ್ರ ಪರೀಕ್ಷೆ

ಎಂ.ಡಿ. ವಿದ್ಯಾರ್ಥಿನಿಯ ಒಲವು ಇದರ ಕಡೆಗಿತ್ತು. ರಕ್ತ ಸುಳ್ಳು ಹೇಳುವುದಿಲ್ಲ ಅನ್ನುವ ನಂಬಿಕೆ. ಸುಳ್ಳು ಹೇಳುವುದಿಲ್ಲ ನಿಜ, ಆದರೆ ಪೂರ್ತಿ ಕಥೆಯನ್ನೂ ಹೇಳುವುದಿಲ್ಲ.

ಪ್ರತಿ ಔಷಧಿಯೂ ಮೈಯಲ್ಲಿ ಬೇರೆ ಬೇರೆ ಕಾಲ ಉಳಿಯುತ್ತದೆ. ಕ್ಲೋರೋಕ್ವಿನ್ ವಾರಗಟ್ಟಲೆ ಉಳಿಯುತ್ತದೆ. ಹಾಗಾಗಿ ಹತ್ತು ನುಂಗಿದವರಲ್ಲೂ ಆರು ನುಂಗಿದವರಲ್ಲೂ ಕಾಣಿಸುತ್ತದೆ, ವ್ಯತ್ಯಾಸ ಹಿಡಿಯುವುದು ಕಷ್ಟ. ಪ್ರೈಮಾಕ್ವಿನ್ ಇದಕ್ಕೆ ಉಲ್ಟಾ. ಕೆಲವೇ ಗಂಟೆಗಳಲ್ಲಿ ಅರ್ಧಕ್ಕೆ ಇಳಿಯುತ್ತದೆ. ಅದರಿಂದ ಹುಟ್ಟುವ ಕಾರ್ಬಾಕ್ಸಿ ಪ್ರೈಮಾಕ್ವಿನ್ ಇನ್ನೂ ಸ್ವಲ್ಪ ಹೊತ್ತು ಉಳಿಯುತ್ತದೆ, ಅಷ್ಟೇ. ಹದಿನಾಲ್ಕನೇ ದಿನ ರಕ್ತ ತೆಗೆದು ಅದು ಕಂಡರೆ ಇತ್ತೀಚೆಗೆ ನುಂಗಿದ್ದಾರೆ ಅಂತ ಗೊತ್ತಾಗುತ್ತದೆ. ಐದನೇ ದಿನದಿಂದ ಹತ್ತನೇ ದಿನದವರೆಗೆ ಏನಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಎ.ಸಿ.ಟಿ.ಯಲ್ಲಿರುವ ಆರ್ಟಿಸುನೇಟ್ ಅಂತೂ ಇನ್ನೂ ಬೇಗ ಮಾಯ. ಎ.ಸಿ.ಟಿ.ಯಲ್ಲಿ ಜೊತೆ ಔಷಧಿಯಾಗಿ ಲ್ಯುಮೆಫ್ಯಾಂಟ್ರಿನ್ ಕೊಡುವ ಕಡೆ ಏಳನೇ ದಿನದ ರಕ್ತದ ಮಟ್ಟ ನೋಡುವ ರೂಢಿ ಇದೆ. ಅದಕ್ಕೂ ಜಿಡ್ಡಿನ ಊಟದ ಜೊತೆ ನುಂಗಿದರೆ ಹೆಚ್ಚು, ಬರಿ ಹೊಟ್ಟೆಯಲ್ಲಿ ಕಡಿಮೆ. ಮಟ್ಟ ಕಡಿಮೆ ಬಂದರೆ ಮಾತ್ರೆ ತಪ್ಪಿಸಿದರೋ ಊಟವೇ ಇರಲಿಲ್ಲವೋ, ಯಾರು ಹೇಳಬೇಕು?

ಹಿಂದೆ ಮೂತ್ರಕ್ಕೆ ಇಯೋಸಿನ್ ಬಣ್ಣ ಬೆರೆಸಿ ಕ್ಲೋರೋಕ್ವಿನ್ ಇದೆಯಾ ಅಂತ ನೋಡುವ ಡಿಲ್-ಗ್ಲಾಸ್ಕೊ ಪರೀಕ್ಷೆ ಇತ್ತು. ಅಗ್ಗ, ಸರಳ, ಆದರೆ ಎಷ್ಟು ನುಂಗಿದ್ದಾರೆ ಅಂತ ಹೇಳುವ ಶಕ್ತಿ ಅದಕ್ಕಿಲ್ಲ. ಇಂದಿನ ರಕ್ತದ ಅಳತೆಗೆ ದೊಡ್ಡ ಯಂತ್ರ ಇರುವ ಲ್ಯಾಬ್ ಬೇಕು, ತಾಲ್ಲೂಕು ಆಸ್ಪತ್ರೆಯಲ್ಲಿ ಆಗುವ ಮಾತಲ್ಲ. ಬೆರಳು ಚುಚ್ಚಿ ಫಿಲ್ಟರ್ ಪೇಪರಿನ ಮೇಲೆ ಒಣಗಿಸಿದ ರಕ್ತದ ಹನಿ ಕಳಿಸುವ ದಾರಿ ಇದೆ. ಅದಕ್ಕೂ ದುಡ್ಡು ಬೇಕು, ಮತ್ತೊಮ್ಮೆ ಸೂಜಿ ಚುಚ್ಚಲು ಜನ ಒಪ್ಪಬೇಕು.

ನಾನು ಅವಳಿಗೆ ಹೇಳಿದ್ದು ಹೀಗೆ: "ನಿನ್ನ ಪ್ರಶ್ನೆ ಜನ ಮಾತ್ರೆ ನುಂಗಿದರಾ ಅಂತಾದರೆ ಎಣಿಕೆ ಮತ್ತು ಮಾತು ಸಾಕು. ಪೂರ್ತಿ ನುಂಗಿದರೂ ಜ್ವರ ಯಾಕೆ ವಾಸಿ ಆಗಲಿಲ್ಲ ಅಂತಾದರೆ ಮಾತ್ರ ರಕ್ತ ಬೇಕು." ಔಷಧಿಗೆ ರೋಗಾಣು ಬಗ್ಗುತ್ತಿದೆಯಾ ಅಂತ ನೋಡುವ ಅಧ್ಯಯನಕ್ಕೆ ರಕ್ತದ ಮಟ್ಟ ಬೇಕೇ ಬೇಕು. ಅಂಥ ಕೆಲಸಕ್ಕೆ ಹಣ ಕೊಡುವ ಯೋಜನೆ ಹಿಂದೆ ಇರಬೇಕು, ಒಬ್ಬ ವಿದ್ಯಾರ್ಥಿಯ ಜೇಬಿನಿಂದ ಆಗುವುದಲ್ಲ. ದುಡ್ಡು ಸ್ವಲ್ಪ ಇದೆ ಅನ್ನುವುದಾದರೆ ಎಲ್ಲರಿಗೂ ಎಣಿಕೆ ಮತ್ತು ಮಾತು, ಕೆಲವೇ ಕೆಲವರಿಗೆ ಚಿಪ್. ಆ ಕೆಲವರಲ್ಲಿ ಮಾತಿಗೂ ಚಿಪ್ಪಿಗೂ ಎಷ್ಟು ಅಂತರ ಬಂತು ಅಂತ ನೋಡಿದರೆ ಉಳಿದವರ ಮಾತನ್ನು ಎಷ್ಟು ನಂಬಬಹುದು ಅನ್ನುವ ಅಂದಾಜು ಸಿಗುತ್ತದೆ.

ಅಳತೆ ಅಂತ ಬಳಸಬಾರದ ಎರಡು

ಔಷಧಿ ಕೊಟ್ಟ ರಿಜಿಸ್ಟರ್ ತೋರಿಸಿ "ಎಲ್ಲರಿಗೂ ಪೂರ್ತಿ ಚಿಕಿತ್ಸೆ ಆಗಿದೆ" ಅನ್ನುವುದು ಒಂದು. ಅದು ಕೊಟ್ಟ ಲೆಕ್ಕ, ನುಂಗಿದ ಲೆಕ್ಕ ಅಲ್ಲ. ಇನ್ನೊಂದು, ಜ್ವರ ಮರಳಿತು ಅಂದ ಕೂಡಲೇ "ಇವನು ಮಾತ್ರೆ ಬಿಟ್ಟಿದ್ದ" ಅನ್ನುವುದು. ವೈವಾಕ್ಸ್ ಪೂರ್ತಿ ಮಾತ್ರೆ ನುಂಗಿದವರಲ್ಲೂ ಮರಳಬಹುದು. ಕೆಲವರ ಮೈ ಪ್ರೈಮಾಕ್ವಿನ್ ಅನ್ನು ಸರಿಯಾಗಿ ಪರಿವರ್ತಿಸುವುದಿಲ್ಲ. ಹೊಸ ಸೊಳ್ಳೆ ಕಚ್ಚಿಯೂ ಬಂದಿರಬಹುದು. ಜ್ವರದಲ್ಲಿ ನಡುಗುತ್ತಾ ಬಂದವರನ್ನು ತಪ್ಪಿತಸ್ಥರ ಹಾಗೆ ನಿಲ್ಲಿಸಿದ್ದನ್ನು ನೋಡಿ ನನಗೆ ಎಷ್ಟೋ ಸಲ ಸಂಕಟ ಆಗಿದೆ.

ಆಶಾ ಅವರು ಈಗ ಮಾಡುತ್ತಿರುವುದು

ಸಕಲೇಶಪುರದ ಆ ಆಶಾ ಅವರು ನನ್ನ ಮಾತು ಕೇಳಿ ತಮ್ಮದೇ ಒಂದು ಕ್ರಮ ಮಾಡಿಕೊಂಡಿದ್ದಾರೆ. ಮಾತ್ರೆ ಕೊಡುವ ದಿನ ಮನೆಯವರ ಎದುರಿಗೇ ಎಣಿಸುತ್ತಾರೆ, ಕವರಿನ ಮೇಲೆ ಬರೆಯುತ್ತಾರೆ. ಗೋಡೆಯ ಕ್ಯಾಲೆಂಡರಿನಲ್ಲಿ ಹದಿನಾಲ್ಕು ದಿನಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕುತ್ತಾರೆ, ನುಂಗಿದ ದಿನ ಮನೆಯ ಮಗು ಅದಕ್ಕೆ ಅಡ್ಡಗೆರೆ ಎಳೆಯಬೇಕು. ಮೊದಲ ಮೂರು ದಿನ ತಾವೇ ಹೋಗುತ್ತಾರೆ. ಎಂಟನೇ ದಿನ ಹೇಳದೆ ಹೋಗಿ ಎಣಿಸುತ್ತಾರೆ. ಮಾತ್ರೆ ಹೆಚ್ಚು ಉಳಿದಿದ್ದರೆ ಒಂದೇ ಸಲ ನುಂಗಿಬಿಡಬೇಡಿ ಅಂತ ಹೇಳಿ, ಅಲ್ಲಿಂದಲೇ ಆರೋಗ್ಯ ಕೇಂದ್ರದ ವೈದ್ಯರಿಗೆ ಫೋನ್ ಮಾಡುತ್ತಾರೆ. ಹದಿನೈದನೇ ದಿನ ಖಾಲಿ ಕವರ್ ವಾಪಸ್ ತರುತ್ತಾರೆ.

ಕಳೆದ ವಾರ ಫೋನಿನಲ್ಲಿ ಹೇಳಿದರು, ಒಂದು ಮನೆಯಲ್ಲಿ ಎಂಟನೇ ದಿನ 14 ಇರಬೇಕಾದ ಕಡೆ 18 ಇತ್ತಂತೆ. ಕ್ಯಾಲೆಂಡರಿನಲ್ಲಿ ಎಲ್ಲಾ ದಿನಕ್ಕೂ ಗೆರೆ ಇತ್ತು. ಅವರು ಬೈಯಲಿಲ್ಲ, ಕೂತು ಕಾಫಿ ಕುಡಿದರು. ಗಂಡಸು ಎರಡು ದಿನ ಮಂಗಳೂರಿಗೆ ಹೋಗಿದ್ದ, ಮಾತ್ರೆ ಮನೆಯಲ್ಲೇ ಉಳಿದಿತ್ತು, ಅಪ್ಪ ಅಲ್ಲಿ ನುಂಗಿರುತ್ತಾನೆ ಅಂತ ಮಗಳು ಗೆರೆ ಎಳೆದಿದ್ದಳು. ಈಗ ಅವನು ಹೊರಡುವಾಗ ಮಾತ್ರೆಯ ಕವರನ್ನು ಅಂಗಿಯ ಜೇಬಿಗೆ ಹಾಕುವುದು ಆ ಹುಡುಗಿಯ ಕೆಲಸ.